ಫಾರ್ಮ್ಯಾಟ್ ಹೊಡೆಯೋಕೆ ಮುಂಚೆ

ಕಂಪ್ಯೂಟರ್ ಆನ್ ಆಗ್ತಿಲ್ಲ ಅಂತ ನಮ್ಮ ಕ್ಲಾಸಲ್ಲಿ ಒಂದು ಸಲ ಹೇಳಿ ನೋಡಿ. ಹತ್ತು ಸೆಕೆಂಡಲ್ಲಿ ಮೂರು ಸಲಹೆ ಬರುತ್ತೆ. ರ‍್ಯಾಮ್ ತೆಗೆದು ರಬ್ಬರಲ್ಲಿ ಉಜ್ಜು. ಬಯಾಸ್ ಅಪ್‌ಡೇಟ್ ಮಾಡು. ಯಾವುದಕ್ಕೂ ಬಗ್ಗಲಿಲ್ಲ ಅಂದ್ರೆ ಫಾರ್ಮ್ಯಾಟ್ ಹೊಡಿ. "ಯಾವಾಗ ಆನ್ ಆಗಲ್ಲ?" ಅಂತ ಮಾತ್ರ ಯಾರೂ ಕೇಳಲ್ಲ. ಹೋದ ಡಿಸೆಂಬರ್‌ವರೆಗೂ ನಾನೂ ಕೇಳ್ತಿರಲಿಲ್ಲ.

ಪೂರ್ತಿ ಕೆಟ್ಟು ಕೂತ ಮಷೀನಿನ ಬಗ್ಗೆ ನನಗೇನೂ ಹೇಳೋದಿಲ್ಲ, ಅದು ಸುಲಭ. ಒಂದೊಂದು ದಿನ ಮಾತ್ರ ಕೈ ಕೊಟ್ಟು ಮಿಕ್ಕ ದಿನ ಒಳ್ಳೇ ಹುಡುಗನ ಹಾಗೆ ಕೆಲಸ ಮಾಡೋ ಮಷೀನ್ ಇದೆಯಲ್ಲ, ಅದರ ಮುಂದೆ ನಾವು ಇಂಜಿನಿಯರಿಂಗ್ ಓದೋರು ಯಾಕೆ ಇಷ್ಟು ಬೇಗ ಕೈಚೆಲ್ಲಿ ಫಾರ್ಮ್ಯಾಟ್‌ಗೆ ಹೋಗ್ತೀವಿ ಅನ್ನೋದು ನನ್ನ ತಕರಾರು. ತಕರಾರಲ್ಲಿ ಮೊದಲ ಆರೋಪಿ ನಾನೇ.

ಕೋಣನಕುಂಟೆ ಕ್ರಾಸ್ ಮೆಟ್ರೋ ಸ್ಟೇಷನ್ ಇಳಿದು ಊರೊಳಗೆ ನಡೆದು ಬಂದರೆ ನಮ್ಮ ಚಿಕ್ಕಪ್ಪನ ಜೆರಾಕ್ಸ್ ಅಂಗಡಿ ಸಿಗುತ್ತೆ. ಬಾಡಿಗೆ ಕರಾರು, ಸ್ಪೈರಲ್ ಬೈಂಡಿಂಗ್, ನಮ್ಮಂಥವರ ಪ್ರಾಜೆಕ್ಟ್ ರಿಪೋರ್ಟು, ಇದೆಲ್ಲ ಚಿಕ್ಕಪ್ಪನ ಕೌಂಟರ್. ಒಳಗಡೆ ಡಿಟಿಪಿ ಚಿಕ್ಕಮ್ಮಂದು. ಮದುವೆ, ಗೃಹಪ್ರವೇಶ, ನಾಮಕರಣದ ಪತ್ರಿಕೆಗಳನ್ನ ಅವರು ಕೀಬೋರ್ಡ್ ನೋಡದೇ ಟೈಪ್ ಮಾಡ್ತಾರೆ, ನುಡಿಯಲ್ಲಿ. ಪೇಜ್‌ಮೇಕರ್ 7 ಇನ್ನೂ ಬಳಸ್ತಾರೆ. ಅದು 2001ರ ಸಾಫ್ಟ್‌ವೇರ್, ನನಗಿಂತ ದೊಡ್ಡದು. ಹೊಸ ಮಷೀನಿಗೆ ಹೋದರೆ ಆ ಫಾಂಟು, ಆ ಸೆಟ್ಟಿಂಗು ಎಲ್ಲ ಮತ್ತೆ ಕೂರಿಸಬೇಕು. ಹಳೇ ನುಡಿ ಫೈಲುಗಳು ಯೂನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಡೆ ತೆರೆದರೆ "ಶ್ರೀ ಗಣೇಶಾಯ ನಮಃ" ಇರಬೇಕಾದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಹಾಗಾಗಿ ಅಲ್ಲಿ "ಫಾರ್ಮ್ಯಾಟ್ ಹೊಡಿ" ಅನ್ನೋದು ಸಣ್ಣ ಮಾತಲ್ಲ.

ಮಷೀನಲ್ಲಿ ಮೂರು ಡ್ರೈವ್. ಶುರುವಿನಿಂದ ಇರೋ 500 ಜಿಬಿ ಹಾರ್ಡ್ ಡಿಸ್ಕ್, ಆಮೇಲೆ ಹಾಕಿದ 1 ಟಿಬಿ ಹಾರ್ಡ್ ಡಿಸ್ಕ್, ಮೂರು ವರ್ಷದ ಹಿಂದೆ ಸೇರಿಸಿದ 240 ಜಿಬಿ ಎಸ್‌ಎಸ್‌ಡಿ. ವಿಂಡೋಸ್ ಇರೋದು ಎಸ್‌ಎಸ್‌ಡಿಯಲ್ಲಿ. ಡಿಸೆಂಬರಲ್ಲಿ ಒಂದೊಂದು ದಿನ ಕಪ್ಪು ಸ್ಕ್ರೀನಿನ ಮೇಲೆ "ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್" ಅಂತ ಬರೋಕೆ ಶುರುವಾಯ್ತು. ಸರ್ವೀಸ್ ಮಾಡೋ ಹುಡುಗ ಒಬ್ಬರು ಬಂದು ನೋಡಿದರು. ಅವರು ಬಂದಾಗ ಮಷೀನು ಸರಿಯಾಗೇ ಎದ್ದು ನಿಂತಿತ್ತು, ಅದು ಯಾವಾಗಲೂ ಹಾಗೇ. "ಫಾರ್ಮ್ಯಾಟ್ ಮಾಡಿ ನೋಡೋಣ, ಇಲ್ಲಾಂದ್ರೆ ಬೋರ್ಡ್ ಹೋಗಿದೆ, ಹೊಸದು 45 ಸಾವಿರದಲ್ಲಿ ಮಾಡಿಕೊಡ್ತೀನಿ" ಅಂದರು. ಚಿಕ್ಕಪ್ಪ ಇಎಂಐ ಲೆಕ್ಕ ಹಾಕೋಕೆ ಕೂತರು. ನಾನು ಮಧ್ಯ ಹೋಗಿ "ನಾನು ನೋಡ್ತೀನಿ ಚಿಕ್ಕಪ್ಪ" ಅಂದೆ.

ಆವತ್ತು ಚಿಕ್ಕಮ್ಮ ನನಗೆ ಒಂದು ಮಾತು ಹೇಳಿದ್ರು. "ಬೆಳಿಗ್ಗೆ ಒಂದನೇ ಸಲಕ್ಕೆ ಏಳಲ್ಲ ಕಣೋ. ಎರಡನೇ ಸಲ ಒತ್ತಿದ್ರೆ ಏಳತ್ತೆ. ಸೋಮವಾರ ಇನ್ನೂ ಜಾಸ್ತಿ ಸತಾಯಿಸತ್ತೆ." ನಾನು ಹೂಂ ಹೂಂ ಅಂದೆ. ತಲೆಯೊಳಗೆ ಅದನ್ನ "ಬೂಟ್ ಫೇಲ್ಯೂರ್" ಅಂತ ಎರಡು ಪದಕ್ಕೆ ಇಳಿಸಿಕೊಂಡು ಫೋನಲ್ಲಿ ಹುಡುಕಿದೆ. ಬೆಳಿಗ್ಗೆ, ಒಂದನೇ ಸಲ, ಸೋಮವಾರ, ಈ ಮೂರೂ ಆ ಅನುವಾದದಲ್ಲಿ ಬಿದ್ದು ಹೋಯ್ತು. ಉತ್ತರ ಇದ್ದದ್ದು ಆ ಮೂರರಲ್ಲೇ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಯಂತ್ರದ ವಿಷಯ ಅಂದ್ರೆ ಇಂಗ್ಲಿಷಲ್ಲಿ ಹೇಳಿದ್ದೇ ಸರಿಯಾದ ವಿವರ, ಕನ್ನಡದಲ್ಲಿ ಹೇಳಿದ್ದು ಬರೀ ಗೋಳು ಅನ್ನೋ ಅಭ್ಯಾಸ ನನಗೇ ಗೊತ್ತಿಲ್ಲದೇ ಕೂತುಬಿಟ್ಟಿತ್ತು.

ಒಂದು ಭಾನುವಾರ ಪೂರ್ತಿ ಕೂತು ಐದು ಕೆಲಸ ಮಾಡಿದೆ. ರ‍್ಯಾಮ್ ಉಜ್ಜಿದೆ. ಗ್ರೀನ್ ಲೈನಲ್ಲಿ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಎಸ್.ಪಿ. ರೋಡ್‌ನಿಂದ ಹಿಂದಿನ ದಿನವೇ ತಂದಿಟ್ಟ ಸಾಟಾ ಕೇಬಲ್‌ಗಳನ್ನ ಹಾಕಿದೆ. ಸಿಆರ್2032 ಬ್ಯಾಟರಿ ಬದಲಾಯಿಸಿದೆ. ಧೂಳು ಹೊಡೆದೆ. ಬಯಾಸ್ ಅಪ್‌ಡೇಟ್ ಮಾಡಿದೆ. ಸೋಮವಾರ, ಮಂಗಳವಾರ, ಬುಧವಾರ ಮಷೀನು ಒಂದೇ ಸಲಕ್ಕೆ ಎದ್ದಿತು. ಮನೆಯಲ್ಲಿ ಇಂಜಿನಿಯರ್ ಅಂತ ಕರೆಸಿಕೊಂಡೆ, ಒಬ್ಬಟ್ಟು ತಿಂದೆ. ಗುರುವಾರ ಬೆಳಿಗ್ಗೆ ಗೃಹಪ್ರವೇಶದ ಪತ್ರಿಕೆಯ ಪ್ರೂಫ್ ನೋಡೋಕೆ ಒಬ್ಬರು ಬಂದು ಕೂತಿರುವಾಗ ಮತ್ತೆ ಅದೇ ಕಪ್ಪು ಸ್ಕ್ರೀನು. ಚಿಕ್ಕಪ್ಪ ಫೋನ್ ಮಾಡಿ, "ಏನಪ್ಪಾ ಇಂಜಿನಿಯರ್ರೇ, ನಿನ್ನ ಪೇಷಂಟು ಮತ್ತೆ ಮಲ್ಕೊಂತು" ಅಂದರು.

ಆ ಕ್ಷಣ ನನ್ನ ಕೈಯಲ್ಲಿ ಏನಿತ್ತು ಯೋಚಿಸಿ. ಐದು ಬದಲಾವಣೆ, ಶೂನ್ಯ ಮಾಹಿತಿ. ಮೂರು ದಿನ ಸರಿ ಇದ್ದಿದ್ದು ಯಾವುದರಿಂದ, ಅಥವಾ ಏನಾದರೂ ಸರಿ ಆಗಿತ್ತೇ ಹೊರತು ಇಲ್ಲವೇ, ಹೇಳೋ ದಾರಿಯೇ ಇರಲಿಲ್ಲ. ಅಷ್ಟೇ ಅಲ್ಲ, ಸ್ಕ್ರೀನಿನ ಮೇಲೆ ಅಕ್ಷರ ಮೂಡಿದೆ ಅಂದ್ರೆ ಪ್ರೊಸೆಸರ್, ರ‍್ಯಾಮ್, ಡಿಸ್ಪ್ಲೇ ಎಲ್ಲ ತಮ್ಮ ಸ್ವಂತ ಪರೀಕ್ಷೆ ಮುಗಿಸಿ ಪಾಸಾಗಿವೆ, ಬಯಾಸ್ ಡಿಸ್ಕ್ ಹುಡುಕೋ ಹಂತಕ್ಕೆ ಬಂದಿದೆ ಅಂತ ಅರ್ಥ. ರ‍್ಯಾಮ್ ಉಜ್ಜಿದ್ದು ಪೂಜೆಯಷ್ಟೇ. ಆ ಮೆಸೇಜನ್ನ ನಾನು ಓದಿದ್ದೆ, ಆದರೆ ಅದು ಏನು ಹೇಳ್ತಿದೆ ಅಂತ ಕೇಳಿರಲಿಲ್ಲ.

ಹಾಗಾಗಿ ಏನೂ ಮುಟ್ಟದೇ ಬರೆದಿಡೋದು ಅಂತ ತೀರ್ಮಾನ ಮಾಡಿದ್ವಿ. ಹಳೇ ಬಿಲ್ ಪುಸ್ತಕದ ಹಿಂಭಾಗದಲ್ಲಿ ಚಿಕ್ಕಮ್ಮ ಗೆರೆ ಎಳೆದರು. ದಿನ, ಸಮಯ, ಒಂದನೇ ಸಲಕ್ಕೆ ಎದ್ದಿತಾ, ಹಿಂದಿನ ರಾತ್ರಿ ಗೋಡೆ ಸ್ವಿಚ್ ಆಫ್ ಆಗಿತ್ತಾ, ಪೆನ್‌ಡ್ರೈವ್ ಸಿಕ್ಕಿಕೊಂಡಿತ್ತಾ. ಕೊನೇದು ಚಿಕ್ಕಪ್ಪನ ಅನುಮಾನ. ಗಿರಾಕಿಗಳು ಬಿಟ್ಟುಹೋದ ಪೆನ್‌ಡ್ರೈವಿಂದಾನೇ ಬೂಟ್ ಆಗೋಕೆ ಹೋಗಿ ಒದ್ದಾಡುತ್ತೆ ಅನ್ನೋದು ಅವರ ವಾದ. ವಾದ ತಪ್ಪೇನಲ್ಲ, ಬೂಟ್ ಆರ್ಡರ್ ಹಾಗಿದ್ದರೆ ಹಾಗೂ ಆಗುತ್ತೆ.

15 ಬೆಳಿಗ್ಗೆಗಳಲ್ಲಿ 3 ಸಲ ಫೇಲ್. ಮೂರರಲ್ಲಿ ಎರಡು ಸೋಮವಾರ. ಪೆನ್‌ಡ್ರೈವ್ ಇದ್ದದ್ದು ಫೇಲಾದ ಒಂದೇ ದಿನ, ಆದರೆ ಸರಿಯಾಗಿ ಎದ್ದ ಆರು ದಿನವೂ ಇತ್ತು. ಚಿಕ್ಕಪ್ಪನ ಅನುಮಾನ ಅಲ್ಲಿಗೆ ಬಿತ್ತು. ಮಧ್ಯಾಹ್ನ ಊಟಕ್ಕೆ ಆಫ್ ಮಾಡಿ ಬಂದಾಗ ಒಂದು ಸಲವೂ ಫೇಲಾಗಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ. 5 ದಿನಕ್ಕೆ 1 ಸಲ ಕೈ ಕೊಡೋ ಮಷೀನನ್ನ ನೀವು ಮುಟ್ಟದೇ ಸುಮ್ಮನೆ ಬಿಟ್ಟರೂ ಸತತ 3 ದಿನ ಸರಿಯಾಗಿ ಏಳೋ ಸಾಧ್ಯತೆ 0.8ರ ಘನ, ಅಂದ್ರೆ ನೂರಕ್ಕೆ 51. ನಾಣ್ಯ ಚಿಮ್ಮಿದಷ್ಟೇ. ನಾನು ಒಬ್ಬಟ್ಟು ತಿಂದದ್ದು ಹೆಡ್ಸ್ ಬಿದ್ದಿದ್ದಕ್ಕೆ! ಸರಿಪಡಿಸಿದೀನಿ ಅಂತ ನೂರಕ್ಕೆ 95ರ ಧೈರ್ಯದಿಂದ ಹೇಳಬೇಕಾದರೆ ಸತತ 14 ದಿನ ಎದ್ದು ತೋರಿಸಬೇಕು, 0.8ರ 14ನೇ ಘಾತ ಸುಮಾರು 0.044. ಅದೂ ಪ್ರತಿ ದಿನ ಬೇರೆ ಬೇರೆ ನಾಣ್ಯ ಅಂತ ಇಟ್ಟುಕೊಂಡರೆ. ಸೋಮವಾರ ಬೇರೆ ಥರ ಇದೆ ಅಂತ ಪುಸ್ತಕವೇ ಹೇಳ್ತಿರೋದರಿಂದ 14ರೊಳಗೆ ಸೋಮವಾರಗಳು ಇರಲೇಬೇಕು. ಇನ್ನೂ ಕಷ್ಟ ಏನಂದ್ರೆ ಈ ಮಷೀನಲ್ಲಿ ದಿನಕ್ಕೆ ಒಂದೇ ಪ್ರಯೋಗ. ರೀಸ್ಟಾರ್ಟ್ ಹತ್ತು ಸಲ ಒತ್ತಿ "ಹತ್ತು ಸಲ ಟೆಸ್ಟ್ ಮಾಡಿದೆ" ಅನ್ನೋ ಹಾಗಿಲ್ಲ, ಯಾಕಂದ್ರೆ ರೀಸ್ಟಾರ್ಟಲ್ಲಿ ಅದು ಫೇಲಾಗೋದೇ ಇಲ್ಲ. ಪ್ರಾಬಬಿಲಿಟಿಯನ್ನ ನಾವೆಲ್ಲ ಪರೀಕ್ಷೆಗೆ ಓದಿದೀವಿ, ಕೆಂಪು ಚೆಂಡು ಬಿಳಿ ಚೆಂಡು ತೆಗೆದಿದೀವಿ. ಲ್ಯಾಪ್‌ಟಾಪ್ ರಿಪೇರಿಗೆ ಅದನ್ನ ತಂದವರನ್ನ ನಾನು ನೋಡಿಲ್ಲ.

ಈಗ ಚಿಕ್ಕಮ್ಮನ ಮಾತಿಗೆ ವಾಪಸ್ ಬರೋಣ. ರಾತ್ರಿಯಿಡೀ, ಸೋಮವಾರವಾದ್ರೆ ಶನಿವಾರ ರಾತ್ರಿಯಿಂದ, ತಣ್ಣಗೆ ಬಿದ್ದಿದ್ದಾಗ ಮಾತ್ರ ತೊಂದರೆ. ತಕ್ಷಣ ಎರಡನೇ ಸಲಕ್ಕೆ ತೊಂದರೆ ಇಲ್ಲ. ಮೊದಲ ಸಲಕ್ಕೂ ಎರಡನೇ ಸಲಕ್ಕೂ ಏನು ಬದಲಾಗಿರುತ್ತೆ? ಸಿಮಾಸ್ ಬ್ಯಾಟರಿ ಒಂದು ಅನುಮಾನ. ಗೋಡೆ ಸ್ವಿಚ್ ಆಫ್ ಆದಾಗ ಬಯಾಸ್ ಸೆಟ್ಟಿಂಗನ್ನೂ ಗಡಿಯಾರವನ್ನೂ ಹಿಡಿದಿಡೋದು ಅದೊಂದೇ. ಆದರೆ ಅದು ಸತ್ತಿದ್ದರೆ ಗಡಿಯಾರ ಹಿಂದೆ ಬೀಳಬೇಕು, ಮತ್ತು ಎರಡನೇ ಸಲಕ್ಕೆ ತಾನಾಗೇ ಸರಿಯಾಗೋ ಕಾರಣ ಇಲ್ಲ. ಬಯಾಸ್ ಒಳಗೆ ಸಮಯ ಸರಿಯಾಗೇ ಇತ್ತು. ವಿಂಡೋಸಲ್ಲಿ ನೋಡಿದರೆ ಸಾಲದು, ಅದು ಇಂಟರ್‌ನೆಟ್‌ನಿಂದ ಸಮಯ ಸರಿ ಮಾಡಿಕೊಂಡುಬಿಡುತ್ತೆ. ಮಿಕ್ಕದ್ದು ತಿರುಗೋ ವಸ್ತು. ಎಸ್‌ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ. ಹಾರ್ಡ್ ಡಿಸ್ಕಲ್ಲಿ ನಿಮಿಷಕ್ಕೆ 7200 ಸುತ್ತು ಹಾಕೋ ಪ್ಲಾಟರ್ ಇದೆ. ನಿಂತದ್ದು ಆ ವೇಗಕ್ಕೆ ಏರಿ ಸಿದ್ಧವಾಗೋಕೆ ಕೆಲವು ಸೆಕೆಂಡ್ ಬೇಕು. ತಣ್ಣಗಿದ್ದಾಗ ಬೇರಿಂಗ್‌ನ ಎಣ್ಣೆ ಮಂದ, ಇನ್ನೂ ನಿಧಾನ. ರೀಸೆಟ್ ಒತ್ತಿದಾಗ ಡಿಸ್ಕಿಗೆ ಕರೆಂಟ್ ಕಟ್ ಆಗಲ್ಲ, ಅದು ತಿರುಗ್ತಾನೇ ಇರುತ್ತೆ. ಎರಡನೇ ಸಲಕ್ಕೆ ಏಳೋದು ಅದಕ್ಕೇ ಇರಬಹುದು.

ಇರಬಹುದು ಅಷ್ಟೇ. ಸಾಬೀತು ಮಾಡೋಕೆ ಮೊದಲ ಸಲದಲ್ಲೇ ಹಿಡೀಬೇಕು. ನನಗೆ ಬೆಳಿಗ್ಗೆ ಕಾಲೇಜು. ಚಿಕ್ಕಮ್ಮನಿಗೆ ಹೇಳಿಕೊಟ್ಟೆ: ಪವರ್ ಒತ್ತಿದ ತಕ್ಷಣ ಡಿಲೀಟ್ ಕೀ ಕುಟ್ಟುತ್ತಾ ಬಯಾಸ್ ಒಳಗೆ ಹೋಗಿ, ಡ್ರೈವ್‌ಗಳ ಪಟ್ಟಿ ಫೋಟೋ ತೆಗೆದು ವಾಟ್ಸಾಪ್ ಮಾಡಿ. ಐದು ದಿನ ಮೂರು ಹೆಸರು ಬಂತು. ಆರನೇ ದಿನ ಮೆಕ್ಯಾನಿಕ್ಸ್ ಕ್ಲಾಸಲ್ಲಿ ಕೂತಿದ್ದಾಗ ಫೋಟೋ ಬಂತು, ಕೆಳಗೆ ಬರೆದಿದ್ದರು: "ಇವತ್ತು ಎರಡೇ ಇದೆ." ಪಟ್ಟಿಯಲ್ಲಿ 500 ಜಿಬಿ ಇರಲಿಲ್ಲ.

ಆದರೆ ವಿಂಡೋಸ್ ಇರೋದು ಎಸ್‌ಎಸ್‌ಡಿಯಲ್ಲಿ, ಅದು ಪಟ್ಟಿಯಲ್ಲಿದೆ. ಹಳೇ ಡಿಸ್ಕ್ ಇಲ್ಲದಿದ್ದರೆ ಏನಂತೆ? ಸಂಜೆ ಹೋಗಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಗೊತ್ತಾಯ್ತು. ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಇತ್ತು, ಆದರೆ ಅದನ್ನ ಎಬ್ಬಿಸೋ ಬೂಟ್ ಫೈಲುಗಳಿರೋ ಚಿಕ್ಕ ಇಎಫ್‌ಐ ಪಾರ್ಟಿಷನ್ ಅಲ್ಲಿರಲಿಲ್ಲ. ಅದು ಹಳೇ 500 ಜಿಬಿಯಲ್ಲೇ ಇತ್ತು. ಮೂರು ವರ್ಷದ ಹಿಂದೆ ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಹಳೇ ಡಿಸ್ಕನ್ನ ಕಳಚದೇ ಹಾಗೇ ಬಿಟ್ಟಿದ್ದರು. ಹಾಗಿದ್ದಾಗ ಇನ್‌ಸ್ಟಾಲರ್, ಈಗಾಗಲೇ ಇರೋ ಇಎಫ್‌ಐ ಪಾರ್ಟಿಷನ್ನಿಗೇ ತನ್ನ ಬೂಟ್ ಫೈಲುಗಳನ್ನ ಸೇರಿಸಿಬಿಡುತ್ತೆ. ಮನೆ ಹೊಸದು, ಬೀಗದ ಕೈ ಮಾತ್ರ ಹಳೇ ಮನೆ ಅಜ್ಜನ ಹತ್ರ. ಅಜ್ಜ ಬೇಗ ಎದ್ದ ದಿನ ಎಲ್ಲ ಸುಸೂತ್ರ.

ಈಗ ಫಾರ್ಮ್ಯಾಟ್ ಸಲಹೆಯನ್ನ ಮತ್ತೆ ನೋಡಿ. ಹಳೇ ಡಿಸ್ಕ್ ಜೋಡಿಸಿಕೊಂಡೇ ಫಾರ್ಮ್ಯಾಟ್ ಹೊಡೆದಿದ್ದರೆ ಬೂಟ್ ಫೈಲುಗಳು ಮತ್ತೆ ಅದೇ ಜಾಗಕ್ಕೆ ಹೋಗಿ ಕೂರ್ತಿದ್ದವು. ಹೊಸ ಬೋರ್ಡ್ ಹಾಕಿದ್ದರೂ ತಡವಾಗಿ ಏಳೋ ಡಿಸ್ಕ್ ಅದೇ. 45 ಸಾವಿರ ಕೊಟ್ಟು ಅದೇ ಡಿಸ್ಕ್‌ಗಳನ್ನ ಹೊಸ ಡಬ್ಬಕ್ಕೆ ವರ್ಗಾಯಿಸಿದ್ದರೆ, ಮುಂದಿನ ಡಿಸೆಂಬರಲ್ಲಿ ಹೊಸ ಡಬ್ಬದ ಮೇಲೆ ಅದೇ ಕಪ್ಪು ಸ್ಕ್ರೀನು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇನ್ನೊಂದು ಒಬ್ಬಟ್ಟು ತಿನ್ನಬಹುದಿತ್ತು. ಆದರೆ ನನಗೆ ಪವರ್ ಕೇಬಲ್ ಮೇಲೆ ಒಂದು ಕಣ್ಣಿತ್ತು. ಎರಡೂ ಹಾರ್ಡ್ ಡಿಸ್ಕ್ ಒಂದೇ ವೈರಿಗೆ, ಹಳೇದು ಸ್ಪ್ಲಿಟರ್‌ನ ತುದಿಯಲ್ಲಿ. ಮೂರೂವರೆ ಇಂಚಿನ ಡಿಸ್ಕ್ ತಿರುಗೋಕೆ ಶುರು ಮಾಡೋ ಆ ಕೆಲವು ಸೆಕೆಂಡಲ್ಲಿ 12 ವೋಲ್ಟ್ ಲೈನಿಂದ ಸುಮಾರು 2 ಆಂಪಿಯರ್ ಎಳೆಯುತ್ತೆ. ಎರಡು ಒಟ್ಟಿಗೆ ಅಂದ್ರೆ 48 ವ್ಯಾಟ್. ಸ್ಪ್ಲಿಟರ್‌ನ ಪಿನ್ ಸಡಿಲ ಇದ್ದರೆ ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತೆ, 11.4ಕ್ಕಿಂತ ಕೆಳಗೆ ಹೋದರೆ ಎಟಿಎಕ್ಸ್ ಮಿತಿ ದಾಟಿದ ಹಾಗೆ. ಹಳೇ ಡಿಸ್ಕನ್ನ ಎಸ್‌ಎಂಪಿಎಸ್‌ನ ಬೇರೆ ವೈರಿಗೆ ಹಾಕಿದೆ, ಅದೊಂದನ್ನೇ ಬದಲಾಯಿಸಿದೆ. ಮುಂದಿನ ವಾರ ಮತ್ತೆ ಒಂದು ಸಲ ಫೇಲ್. ಬೇಜಾರಾಯ್ತು, ಆದರೆ ಈ ಸಲ ಫೇಲಾದದ್ದು ನನಗೆ ಏನೋ ಕಲಿಸಿತು: ವೈರ್ ಒಂದೇ ಕಾರಣ ಅಲ್ಲ, ಡಿಸ್ಕೇ ವಯಸ್ಸಾಗಿದೆ.

ಆಮೇಲೆ ಸ್ಮಾರ್ಟ್ ರೀಡಿಂಗ್ ತೆಗೆದು ನೋಡಿದೆ. ಇದನ್ನ ಮೊದಲ ದಿನವೇ ನೋಡಬೇಕಿತ್ತು. 197ನೇ ಸಾಲು, ಓದೋಕೆ ಆಗದೇ ಕಾಯ್ತಿರೋ ಸೆಕ್ಟರ್‌ಗಳ ಎಣಿಕೆ, ಸೊನ್ನೆ ಇರಲಿಲ್ಲ. 5ನೇ ಸಾಲು, ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳು, ಅದೂ ಸೊನ್ನೆ ಇರಲಿಲ್ಲ. ನಾನು ಸಾಯ್ತಿರೋ ಡಿಸ್ಕನ್ನ ವಾರಗಟ್ಟಲೆ ದಿನಾ ತಣ್ಣಗೆ ಮಾಡಿ ಎಬ್ಬಿಸಿ ಪುಸ್ತಕದಲ್ಲಿ ಟಿಕ್ ಹಾಕ್ತಿದ್ದೆ. ಚಿಕ್ಕಮ್ಮನ ಅಷ್ಟೂ ವರ್ಷದ ಪತ್ರಿಕೆಗಳು ಅದರಲ್ಲೇ ಇದ್ದವು, ಬೇರೆಲ್ಲೂ ಕಾಪಿ ಇರಲಿಲ್ಲ. ಅವತ್ತು ರಾತ್ರಿ ಅಂಗಡಿಯಲ್ಲೇ ಕೂತು ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕಿಗೆ ಇಳಿಸಿದೆ. 11 ಫೈಲ್ ಬರಲಿಲ್ಲ. ಅದರಲ್ಲಿ ಒಂದು ನಮ್ಮ ಅಕ್ಕನ ಮದುವೆ ಪತ್ರಿಕೆ. ಪ್ರಿಂಟ್ ಇದೆ ಬಿಡು ಅಂದರು ಚಿಕ್ಕಮ್ಮ. ಬೈದಿದ್ದರೆ ವಾಸಿ ಇತ್ತು. ನಿಧಾನವಾಗಿ, ಒಂದೊಂದಾಗಿ ಪರೀಕ್ಷೆ ಮಾಡಿ ಅಂತ ನಾನು ಇಷ್ಟೆಲ್ಲ ಹೇಳ್ತಿರೋದಕ್ಕೆ ಒಂದು ಷರತ್ತಿದೆ. ಅದೆಲ್ಲ ಬ್ಯಾಕಪ್ ಆದ ಮೇಲೆ. ಒಂದಕ್ಕಿಂತ ಹೆಚ್ಚು ಡ್ರೈವ್ ಇರೋ ಮಷೀನ್ ಏಳೋಕೆ ಸತಾಯಿಸಿದರೆ ಕಾರಣ ಹುಡುಕೋದು ಎರಡನೇ ಕೆಲಸ.

ಬ್ಯಾಕಪ್ ಆದ್ಮೇಲೆ ಮಿಕ್ಕದ್ದು ಅರ್ಧ ಗಂಟೆಯ ಕೆಲಸ. ಎಸ್‌ಎಸ್‌ಡಿಯಲ್ಲಿ ಸ್ವಲ್ಪ ಜಾಗ ಬಿಡಿಸಿ, ಹೊಸ ಇಎಫ್‌ಐ ಪಾರ್ಟಿಷನ್ ಮಾಡಿ, ಬಿಸಿಡಿಬೂಟ್ ಕಮಾಂಡಲ್ಲಿ ಬೂಟ್ ಫೈಲುಗಳನ್ನ ಅಲ್ಲಿಗೆ ಬರೆದೆ. ಹಳೇ ಡಿಸ್ಕ್ ಕಳಚಿ ಆನ್ ಮಾಡಿದೆ. ಎದ್ದಿತು.

ಸರ್ವೀಸ್ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅವರ ಮುಂದೆ ದಿನಕ್ಕೆ ಹತ್ತು ಮಷೀನ್ ಇರುತ್ತೆ, ಒಂದರ ಮುಂದೆ ಮೂರು ವಾರ ಕೂತರೆ ಅವರ ಮನೆ ನಡೆಯಲ್ಲ. ಅವರ ಲೆಕ್ಕದಲ್ಲಿ ಭಾಗ ಬದಲಾಯಿಸೋದೇ ಅಗ್ಗ. ಒಂದನ್ನೇ ಬದಲಾಯಿಸಿ, ನೋಡಿ, ಹಳೇದನ್ನ ವಾಪಸ್ ಹಾಕಿ ಮತ್ತೆ ನೋಡಿದರೆ ಅದೂ ಒಳ್ಳೇ ವಿಧಾನವೇ. ನಮಗೆ ಆ ಸಬೂಬು ಇಲ್ಲ. ನಾವು ನಾಲ್ಕು ವರ್ಷ ಕಲಿಯೋಕೆ ಅಂತಲೇ ಬಂದವರು.

ಮತ್ತೆ ಕಲಿಯೋ ಜಾಗ ಲ್ಯಾಬ್. ಅಲ್ಲಿ ಏನು ನಡೆಯುತ್ತೆ ಅಂತ ನಿಮಗೂ ಗೊತ್ತು. ಸರ್ಕ್ಯೂಟ್ ಕಟ್ಟಿದ್ವಿ, ಔಟ್‌ಪುಟ್ ಬರಲಿಲ್ಲ. ಯಾರೋ ಬಂದು ಬ್ರೆಡ್‌ಬೋರ್ಡ್ ಮೇಲಿನ ವೈರ್ ಅಲ್ಲಾಡಿಸಿದರು. "ಬಂತು ಬಂತು, ಅಲ್ಲಾಡಿಸಬೇಡ ಮಗಾ, ರೀಡಿಂಗ್ ಬರ್ಕೊ." ಆವತ್ತಿನ ಪಾಠ ಆ ವೈರಲ್ಲೇ ಇತ್ತು, ನಾವು ಅದನ್ನ ಹಿಡ್ಕೊಂಡು ನಿಂತು ಫೋಟೋ ತೆಗೆದ್ವಿ. ಬರದೇ ಇದ್ದದ್ದು ಯಾಕೆ ಅಂತ ರೆಕಾರ್ಡ್ ಪುಸ್ತಕದಲ್ಲಿ ಬರೆಯೋಕೆ ಕಾಲಂ ಇಲ್ಲ. ಬರೆದರೆ ಮಾರ್ಕ್ಸೂ ಇಲ್ಲ.

ಇದು ಜೆರಾಕ್ಸ್ ಅಂಗಡಿಯ ಮಟ್ಟದ ವಿಷಯ ಅಂತ ಯಾರಿಗಾದ್ರೂ ಅನ್ನಿಸಿದರೆ ಮಾರ್ಸ್ ಪಾತ್‌ಫೈಂಡರ್ ನೆನಪಿಸಿಕೊಳ್ಳಿ. 1997ರ ಜುಲೈ 4ಕ್ಕೆ ಮಂಗಳನ ಮೇಲೆ ಇಳೀತು, ಕೆಲವೇ ದಿನಕ್ಕೆ ಅದರ ಕಂಪ್ಯೂಟರ್ ಆಗಾಗ ತಾನಾಗೇ ರೀಸೆಟ್ ಆಗೋಕೆ ಶುರುವಾಯ್ತು. ಕಾರಣ ಪ್ರಯಾರಿಟಿ ಇನ್ವರ್ಷನ್, ಆಪರೇಟಿಂಗ್ ಸಿಸ್ಟಮ್ಸ್ ಪುಸ್ತಕದಲ್ಲಿ ಉದಾಹರಣೆಯಾಗಿ ಬರುತ್ತಲ್ಲ, ಅದೇ. ಕೆಳಗಿನ ದರ್ಜೆಯ ಹವಾಮಾನದ ಟಾಸ್ಕ್ ಒಂದು ಬೀಗ ಹಿಡ್ಕೊಂಡು ಕೂತಿರುತ್ತೆ, ಮೇಲಿನ ದರ್ಜೆಯ ಟಾಸ್ಕ್ ಅದಕ್ಕೆ ಕಾಯುತ್ತೆ, ಮಧ್ಯದ ಟಾಸ್ಕ್ ನುಗ್ಗಿ ಇಬ್ಬರನ್ನೂ ತಡೆಯುತ್ತೆ, ವಾಚ್‌ಡಾಗ್ ಟೈಮರ್ ಸಹನೆ ಕಳ್ಕೊಂಡು ಎಲ್ಲವನ್ನೂ ರೀಸೆಟ್ ಮಾಡುತ್ತೆ. ಉಡಾವಣೆಗೆ ಮುಂಚಿನ ಪರೀಕ್ಷೆಗಳಲ್ಲೇ ಇಂಥ ರೀಸೆಟ್ ಒಂದೆರಡು ಸಲ ಕಂಡಿತ್ತು, ಮತ್ತೆ ತೋರಿಸೋಕೆ ಆಗದ ಕಾರಣ ಅದು ಹಿಂದೆ ಸರೀತು. ಕೊನೆಗೆ ಜೆಪಿಎಲ್‌ನ ಇಂಜಿನಿಯರುಗಳು ಭೂಮಿಯ ಮೇಲಿದ್ದ ಅಂಥದ್ದೇ ಯಂತ್ರವನ್ನ ಓಡಿಸಿ, ರೀಸೆಟ್ ಆಗೋವರೆಗೂ ಕಾದು, ಟ್ರೇಸ್ ಓದಿ ಕಾರಣ ಹಿಡಿದರು. ತಿದ್ದುಪಡಿಯನ್ನ ಇಲ್ಲಿಂದಲೇ ಮಂಗಳಕ್ಕೆ ಕಳಿಸಿದರು. ಅಲ್ಲಿಗೆ ಹೋಗಿ ಫಾರ್ಮ್ಯಾಟ್ ಹೊಡೆಯೋಕೆ ಆಗ್ತಿರಲಿಲ್ಲ ನೋಡಿ.

ಹಾಗಾಗಿ ನನ್ನ ಬೇಡಿಕೆ ಒಂದೇ. ಪ್ರತಿ ಲ್ಯಾಬಲ್ಲೂ ಸೆಮಿಸ್ಟರ್‌ಗೆ ಒಂದು ಸಲ ಬೇಕಂತಲೇ ಅರ್ಧ ಕೆಟ್ಟ ಬೋರ್ಡ್ ಕೊಡಿ. ಯಾವ ಪಿನ್ ಸಡಿಲ ಅಂತ ಮೇಷ್ಟ್ರಿಗೆ ಗೊತ್ತಿರಲಿ, ನಮಗೆ ಬೇಡ. ಔಟ್‌ಪುಟ್ ಬಂತಾ ಅಂತ ಮಾರ್ಕ್ಸ್ ಬೇಡ. ಯಾವುದನ್ನ ಅನುಮಾನಿಸಿದೆ, ಯಾವ ಆಧಾರದ ಮೇಲೆ ಬಿಟ್ಟೆ, ಎಷ್ಟು ಸಲ ನೋಡಿದೆ, ಇಷ್ಟಕ್ಕೆ ಮಾರ್ಕ್ಸ್ ಕೊಡಿ. ಕ್ಲಬ್ಬಿನವರು ಒಪ್ಪಿದರೆ ಮೊದಲ ಕೆಟ್ಟ ಬೋರ್ಡ್ ನಾನೇ ತಯಾರು ಮಾಡ್ತೀನಿ, ಅದರಲ್ಲಿ ನನಗೆ ಪ್ರತಿಭೆ ಇದೆ.

ಅಂಗಡಿಯ ಪುಸ್ತಕದಲ್ಲಿ ಇವತ್ತಿಗೆ 11 ಟಿಕ್ ಆಗಿದೆ, ಎರಡು ಸೋಮವಾರ ಸೇರಿ. ಚಿಕ್ಕಪ್ಪ ಸಾಕು ಬಿಡ್ರೋ ಅಂತಿದಾರೆ. ಚಿಕ್ಕಮ್ಮ ಮಾತ್ರ ದಿನಾ ಬೆಳಿಗ್ಗೆ ಪೆನ್ ಹಿಡ್ಕೊಂಡೇ ಪವರ್ ಬಟನ್ ಒತ್ತುತ್ತಾರಂತೆ. ಹಳೇ ಡಿಸ್ಕ್ ಲೇಬಲ್ ಅಂಟಿಸಿಕೊಂಡು ಡ್ರಾಯರಲ್ಲಿದೆ. ಬಿಚ್ಚಿ ಪ್ಲಾಟರ್ ನೋಡಬೇಕು ಅನ್ನೋರು ಯಾರಾದ್ರೂ ಇದ್ದರೆ ಕ್ಲಬ್ ರೂಮಿಗೆ ತರ್ತೀನಿ, ಆದರೆ 14 ಆದ್ಮೇಲೆ.